ಪಾಗಾರ ಕಟ್ಟುವ ಮುನ್ನ

ನಿಮ್ಮ ಹಿತ್ತಿಲಿನ ಮೂಡು ಬದಿಯಲ್ಲಿ ಒಂದು ಹಳೆಯ ಬೇಲಿ ಇದೆ ಎಂದುಕೊಳ್ಳಿ. ನಾಲ್ಕು ಗೂಟ, ಒಂದಷ್ಟು ಮುಳ್ಳು, ನಡುವೆ ಒಂದು ತೆಂಗಿನ ಮರ. ನಿಮ್ಮ ತಂದೆಯವರ ಕಾಲದಲ್ಲಿ ಕಾಯಿ ಯಾರ ಕಡೆಗೆ ಬಿದ್ದರೆ ಅವರು ಹೆಕ್ಕಿಕೊಳ್ಳುತ್ತಿದ್ದರು. ಈಗ ಮಗ ರಜೆಯಲ್ಲಿ ಊರಿಗೆ ಬಂದಿದ್ದಾನೆ. ಬೇಲಿ ತೆಗೆದು ಕೆಂಪುಕಲ್ಲಿನ ಪಾಗಾರ ಕಟ್ಟಿಸೋಣ ಎನ್ನುತ್ತಾನೆ. ಜೆಸಿಬಿ ಬಂತು, ಅಡಿಪಾಯ ತೋಡಿತು. ಸಂಜೆ ನೆರೆಮನೆಯವರು ಬಂದು, "ಒಂದು ಅಡಿ ನಮ್ಮ ಕಡೆಗೆ ಬಂದಿದೆಯಲ್ಲ" ಎಂದರು. ಮಗ ಕೊಟ್ಟ ಉತ್ತರ ಸ್ವಲ್ಪ ಒರಟಾಯಿತು. ಮುಂದಿನ ಭಾನುವಾರ ಅವರು ಚರ್ಚಿನಲ್ಲಿ ಬೇರೆ ಬೆಂಚು ಹಿಡಿದರು. ವರ್ಷ ಕಳೆಯುವಷ್ಟರಲ್ಲಿ ನಿಮ್ಮ ತಾಯಿ ತೀರಿಕೊಂಡರು. ಅವರ ಕೈಯಿಂದ ಎಷ್ಟೋ ಸಲ ಕಾಫಿ ಕುಡಿದ ಆ ಮನೆಯವರು ಮಣ್ಣು ಹಾಕಲು ಬರಲಿಲ್ಲ.

ಇಷ್ಟೆಲ್ಲ ಆದದ್ದು ಎಷ್ಟು ಜಾಗಕ್ಕೆ? ಒಮ್ಮೆ ಲೆಕ್ಕ ಹಾಕಿ ನೋಡಿ. ಬೇಲಿ ನೂರು ಅಡಿ ಉದ್ದ, ಜರುಗಿದ್ದು ಒಂದು ಅಡಿ ಎಂದಾದರೆ ಅದು 100 ಚದರ ಅಡಿ. ಒಂದು ಸೆಂಟ್ಸು ಎಂದರೆ 435.6 ಚದರ ಅಡಿ. ಅಂದರೆ ಕಾಲು ಸೆಂಟ್ಸೂ ಪೂರ್ತಿ ಆಗಲಿಲ್ಲ. ಅಡಿಕೆ ಸಸಿಗಳ ನಡುವೆ ಒಂಬತ್ತು ಅಡಿ ಅಂತರ ಬಿಡಿ ಎಂದು ಹೇಳುತ್ತಾರೆ. ಈ ಒಂದು ಅಡಿಯ ಪಟ್ಟಿಯಲ್ಲಿ ಇನ್ನೊಂದು ಸಾಲು ಅಡಿಕೆಯೂ ಏಳುವುದಿಲ್ಲ. ಹಾಗೆಂದು ಅದು ಕ್ಷುಲ್ಲಕ ವಿಷಯ ಎಂದು ನಾನು ಹೇಳುತ್ತಿಲ್ಲ. ಹತ್ತು ಸೆಂಟ್ಸಿನಲ್ಲಿ ಮನೆ ಕಟ್ಟಿಕೊಂಡವನಿಗೆ ಒಂದು ಅಡಿಯೂ ದೊಡ್ಡದೇ. ಆದರೆ ಆ ಮನೆಯವರಿಗೆ ನೋವಾದದ್ದು ಅಡಿಗಿಂತ ಹೆಚ್ಚಾಗಿ, ಯಾರೂ ತಮ್ಮನ್ನು ಒಂದು ಮಾತು ಕೇಳಲಿಲ್ಲ ಎಂಬುದಕ್ಕೆ.

ಇಂತಹ ಜಗಳದಲ್ಲಿ ಇಬ್ಬರೂ ಕೈಯಲ್ಲಿ ಪಹಣಿ, ಅಂದರೆ ಆರ್‌ಟಿಸಿ, ಹಿಡಿದುಕೊಂಡೇ ಬರುತ್ತಾರೆ. ಪಹಣಿ ನಿಮಗೆ ಎಷ್ಟು ಜಾಗ ಇದೆ ಎಂದು ಹೇಳುತ್ತದೆ. ಅದು ಎಲ್ಲಿಂದ ಎಲ್ಲಿಯವರೆಗೆ ಎಂದು ಹೇಳುವುದಿಲ್ಲ. ಕ್ರಯಪತ್ರದ ಚಕ್ಕುಬಂದಿಯೂ ಹೆಚ್ಚಾಗಿ "ಮೂಡಕ್ಕೆ ಇಂಥವರ ಜಾಗ" ಎಂದು ಬರೆದು ಮುಗಿಸುತ್ತದೆ. ನಮ್ಮ ಕರಾವಳಿಯಲ್ಲಿ ಇನ್ನೊಂದು ತೊಡಕು ಇದೆ. 1974ರಲ್ಲಿ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದಾಗ ಗೇಣಿದಾರರು ಡಿಕ್ಲರೇಶನ್ ಕೊಟ್ಟು ಭೂ ನ್ಯಾಯಮಂಡಳಿಯಿಂದ ಹಕ್ಕು ಪಡೆದರು. ಒಂದೇ ಸರ್ವೆ ನಂಬರಿನಲ್ಲಿ ಹಲವರಿಗೆ ಹಕ್ಕು ಬಂತು. ಕೆಲವರದು ಪೋಡಿ ಆಗಿ ಪ್ರತ್ಯೇಕ ನಕ್ಷೆ ಆಯಿತು, ಕೆಲವರದು ಪಹಣಿಯಲ್ಲಿ ಹೆಸರು ಸೇರಿದಲ್ಲಿಗೆ ನಿಂತಿತು. ಅನಂತರ ಅಣ್ಣತಮ್ಮಂದಿರು ಪಾಲಾದರು, ಗುಡ್ಡ ತಟ್ಟು ಮಾಡುವಾಗ ಗಡಿಕಲ್ಲು ಮಣ್ಣಿನಡಿಗೆ ಹೋಯಿತು. ಹೀಗಿರುವಾಗ ಇಬ್ಬರೂ ಪ್ರಾಮಾಣಿಕರಾಗಿದ್ದು, ಇಬ್ಬರೂ ತಪ್ಪು ತಿಳಿದಿರಬಹುದು. ಇದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಿ. ನೆರೆಯವರನ್ನು ಕಳ್ಳ ಎನ್ನುವ ಮುಂಚೆ ಕಲ್ಲು ಎಲ್ಲಿದೆ ಎಂದು ನಿಮಗೇ ಗೊತ್ತಿದೆಯೇ?

"ಕೋರ್ಟಿನಲ್ಲಿ ನೋಡಿಕೊಳ್ಳುತ್ತೇನೆ" ಎನ್ನುವವರು ಒಂದು ವಿಷಯ ತಿಳಿದಿರಬೇಕು. ನೀವು ನಿರ್ಬಂಧಕಾಜ್ಞೆ ಕೋರಿ ದಾವೆ ಹೂಡುತ್ತೀರಿ. ಅವರು ವಕೀಲರನ್ನು ಇಡುತ್ತಾರೆ. ವಾಯಿದೆಯ ಮೇಲೆ ವಾಯಿದೆ ಬೀಳುತ್ತದೆ. ಗಡಿ ಯಾವುದು ಎಂಬ ಪ್ರಶ್ನೆ ಬಂದಾಗ ನ್ಯಾಯಾಲಯವು ಸ್ಥಳ ನೋಡಿ ಬರಲು ಒಬ್ಬ ಕಮಿಷನರನ್ನು ನೇಮಿಸಬಹುದು. ಇಂತಹ ಪ್ರಕರಣಗಳಲ್ಲಿ ಆ ಕೆಲಸ ಹೆಚ್ಚಾಗಿ ಬರುವುದು ಸರಕಾರಿ ಭೂಮಾಪಕರಿಗೆ. ಅವರು ಸರ್ವೆ ಇಲಾಖೆಯ ಮೂಲ ಅಳತೆ ದಾಖಲೆ ಹಿಡಿದುಕೊಂಡು ನಿಮ್ಮ ಹಿತ್ತಿಲಿಗೆ ಬರುತ್ತಾರೆ. ಇಷ್ಟೆಲ್ಲ ಖರ್ಚು ಮಾಡಿ ಕೊನೆಗೆ ಕರೆಸಬೇಕಾದ ಆ ಮನುಷ್ಯನನ್ನು ಮೊದಲೇ, ಇಬ್ಬರೂ ಸೇರಿ ಕರೆಸಬಾರದೇ?

ಇದಕ್ಕೆ ಹದ್ದುಬಸ್ತು ಎಂದು ಹೆಸರು. ಅರ್ಜಿ ಕೊಟ್ಟು ನಿಗದಿಯಾದ ಶುಲ್ಕ ಕಟ್ಟಿದರೆ, ಭೂಮಾಪಕರು ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟಿಸು ಕೊಟ್ಟು, ದಿನ ಗೊತ್ತುಮಾಡಿ, ಅಳೆದು ಗಡಿ ಗುರುತಿಸಿ ನಕ್ಷೆ ಕೊಡುತ್ತಾರೆ. ಅಳತೆ ಸರಿಯಿಲ್ಲ ಎನಿಸಿದವರು ಮೇಲಿನ ಅಧಿಕಾರಿಗಳಿಗೆ ಮೇಲ್ಮನವಿ ಸಲ್ಲಿಸಬಹುದು. ಆದರೆ ಜಾಗದ ಒಡೆತನ ಯಾರದು ಎಂಬ ತಕರಾರನ್ನು ಭೂಮಾಪಕರು ತೀರಿಸಲಾರರು, ಅದು ಸಿವಿಲ್ ನ್ಯಾಯಾಲಯದ ಕೆಲಸ.

ನನ್ನ ಸಲಹೆ ಇಷ್ಟೇ: ಸರಕಾರದ ನೋಟಿಸು ನೆರೆಮನೆಗೆ ಹೋಗುವ ಮೊದಲು ನೀವು ಹೋಗಿ. ನೋಟಿಸು ಮೊದಲು ಬಂದರೆ ಅವರು ಅದನ್ನು ಜಗಳ ಎಂದು ಓದುತ್ತಾರೆ. "ನಮಗೂ ಸರಿಯಾಗಿ ಗೊತ್ತಿಲ್ಲ, ಅಳೆಸೋಣ, ಖರ್ಚು ಅರ್ಧರ್ಧ ಹಾಕೋಣ" ಎಂದು ಹೇಳಿ. ಮನೆಯ ಹಿರಿಯರು ಹೋಗಲಿ, ಬಿಸಿರಕ್ತದ ಮಗನನ್ನು ಕಳುಹಿಸಬೇಡಿ. ಮಳೆಗಾಲಕ್ಕೆ ಮುಂಚೆ, ಕಾಡು ಸವರಿದ ಮೇಲೆ ಅಳೆಸಿದರೆ ಒಳ್ಳೆಯದು. ಆ ದಿನ ಎರಡೂ ಮನೆಯವರು ಸಂಕೋಲೆಯ ಜೊತೆಗೇ ನಡೆಯಬೇಕು (ಈಗ ಉಪಗ್ರಹದ ಸಹಾಯದಿಂದ ಅಳೆಯುವ ರೋವರ್ ಕೂಡ ಬಂದಿದೆ). ಕಲ್ಲು ನೆಟ್ಟ ಕೂಡಲೇ ಸುಣ್ಣ ಬಳಿದು, ಇಬ್ಬರೂ ನಿಂತು ಒಂದು ಫೋಟೋ ತೆಗೆಸಿಕೊಳ್ಳಿ.

ಬೈಬಲ್ ಗಡಿಕಲ್ಲಿನ ವಿಷಯದಲ್ಲಿ ಮೌನವಾಗಿಲ್ಲ. ಧರ್ಮೋಪದೇಶಕಾಂಡದಲ್ಲಿ ನೆರೆಯವನ ಗಡಿ ಒತ್ತುವುದರ ವಿರುದ್ಧ ಎರಡು ಕಡೆ ಎಚ್ಚರಿಕೆ ಇದೆ. ಇಸಾಕನ ಆಳುಗಳು ತೋಡಿದ ಬಾವಿಗಳಿಗಾಗಿ ಗೆರಾರಿನ ದನಗಾಹಿಗಳು ಜಗಳ ತೆಗೆದಾಗ, ಅವನು ಎರಡನ್ನು ಬಿಟ್ಟು ಮುಂದೆ ಹೋಗಿ ಮೂರನೆಯದನ್ನು ತೋಡಿಸಿದ. ಪ್ರಸಂಗಗಳಲ್ಲಿ ಈ ಕಥೆ ಕೇಳುವಾಗ ನನಗೆ ಒಂದು ಸಣ್ಣ ಆಕ್ಷೇಪ ಏಳುವುದುಂಟು. ಇಸಾಕನಿಗೆ ಹೋಗಲು ಬಯಲು ಇತ್ತು. ಹತ್ತು ಸೆಂಟ್ಸಿನವನು ಎಲ್ಲಿಗೆ ಹೋಗಬೇಕು? ಅವನಿಗೆ ಬೇಕಾದದ್ದು ಸ್ಪಷ್ಟವಾದ ಗೆರೆ. ಇನ್ನು ಆಸ್ತಿ ಪಾಲು ಮಾಡಿಕೊಡಿ ಎಂದು ಕೇಳಿದವನಿಗೆ ಯೇಸುಸ್ವಾಮಿ ಪಂಚಾಯಿತಿದಾರರಾಗಲು ಒಪ್ಪದೆ, ದುರಾಶೆಯ ಬಗ್ಗೆ ಎಚ್ಚರಿಸಿದರು. ಆದುದರಿಂದ ಧರ್ಮಕೇಂದ್ರದ ಗುರುಗಳ ಕೈಗೆ ಟೇಪು ಕೊಡಲು ಹೋಗಬೇಡಿ. ಮಾತು ನಿಂತುಹೋದ ಎರಡು ಮನೆಗಳನ್ನು ಒಂದೇ ಜಗಲಿಯಲ್ಲಿ ಕೂರಿಸಲು ಅವರನ್ನೋ ವಾಳೆಯ ಗುರಿಕಾರರನ್ನೋ ಕರೆಯಿರಿ. ಅಳತೆ ಭೂಮಾಪಕರದೇ ಇರಲಿ.

"ಶಾಂತಿಗಾಗಿ ಸುಮ್ಮನಿದ್ದುಬಿಡುತ್ತೇನೆ" ಎನ್ನುವವರಿಗೂ ಒಂದು ಮಾತು. ನಿಮ್ಮ ಜಾಗವನ್ನು ಇನ್ನೊಬ್ಬರು ಹನ್ನೆರಡು ವರ್ಷ ಬಹಿರಂಗವಾಗಿ, ತಮ್ಮದೇ ಎಂದು, ನಿಮ್ಮ ಹಕ್ಕಿಗೆ ವಿರುದ್ಧವಾಗಿ ಅನುಭವಿಸಿದರೆ 1963ರ ಕಾಲಮಿತಿ ಕಾಯಿದೆಯ ಪ್ರಕಾರ ನಿಮ್ಮ ಹಕ್ಕೇ ಹೋಗಬಹುದು. ಬಿಟ್ಟುಕೊಡುವ ಮನಸ್ಸಿದ್ದರೆ ತಿಳಿದು ಬಿಟ್ಟುಕೊಡಿ. ಬಳಸಲು ಮಾತ್ರ ಬಿಡುವುದಾದರೆ "ನಮ್ಮ ಒಪ್ಪಿಗೆಯಿಂದ ಬಳಸುತ್ತಿದ್ದಾರೆ" ಎಂದು ಒಂದು ಕಾಗದದಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಜಾಗವನ್ನೇ ಅದಲುಬದಲು ಮಾಡುವುದಾದರೆ ಬಿಳಿ ಕಾಗದ ಸಾಲದು. ನಕ್ಷೆ ಮಾಡಿಸಿ ನೋಂದಣಿ ಮಾಡಿಸಬೇಕು.

ನಿಮ್ಮ ವ್ಯಾಜ್ಯ ಈಗಾಗಲೇ ಕೋರ್ಟಿನಲ್ಲಿ ಇದ್ದರೆ? ಆಗಲೂ ತಡವಾಗಿಲ್ಲ. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಆ ತೀರ್ಮಾನಕ್ಕೆ ಸಿವಿಲ್ ನ್ಯಾಯಾಲಯದ ಡಿಕ್ರಿಯಷ್ಟೇ ಬಲವಿದೆ; ಅದರ ಮೇಲೆ ಅಪೀಲು ಇಲ್ಲ, ಕಟ್ಟಿದ ಕೋರ್ಟು ಶುಲ್ಕವೂ ಹಿಂದಕ್ಕೆ ಬರುತ್ತದೆ. ದಾವೆ ಹೂಡುವ ಮೊದಲೇ ತಾಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟು ಅಲ್ಲಿಯೇ ಮುಗಿಸಲೂ ಬರುತ್ತದೆ.

ಆ ತೆಂಗಿನ ಮರದ ಮಾತು ಉಳಿಯಿತು. ಗೆರೆ ಸರಿಯಾಗಿ ಮರದ ಬುಡದಲ್ಲೇ ಹಾದುಹೋದರೆ ಮರ ಕಡಿಯಲು ಅವಸರ ಮಾಡಬೇಡಿ. ಪಾಗಾರವನ್ನು ಎರಡೂ ಬದಿಯಲ್ಲಿ ಮರದ ಹತ್ತಿರ ನಿಲ್ಲಿಸಿ, ನಡುವೆ ಜಾಗ ಬಿಡಿಸಿ. ಜೂನಿನಲ್ಲಿ ಮೇಲಿನ ಹಿತ್ತಿಲಿನ ನೀರು ಇಳಿದುಹೋಗಲೂ ಆ ಸಂದು ಬೇಕಾಗುತ್ತದೆ.