ಬೈಸಿಕಲ್ಲಿಗೆ ಹತ್ತಿರದ ದಾರಿ ಯಾವುದು?

ಊರ ನಡುವಣ ಬಾಡಿಗೆಯ ಮನೆಯನ್ನು ಬಿಟ್ಟು ಹೊರವಲಯದ ಹೊಸ ಬಡಾವಣೆಗೆ ಸಂಸಾರವು ಬಂದು ನೆಲಸಿತೆಂದರೆ, ಆ ಮನೆಯ ವಿದ್ಯಾರ್ಥಿಗೆ ಎದುರಾಗುವ ಮೊದಲ ಪ್ರಶ್ನೆ ಕಾಲೇಜಿನ ದಾರಿಯದು. ಮನೆಯಲ್ಲಿ ಬೈಸಿಕಲ್ಲಿದೆ, ದೂರ ಆರೇಳು ಕಿಲೊಮೀಟರ್. ಆತ ಭೂಪಟವನ್ನು ತೆರೆದು, ಎಲ್ಲಕ್ಕಿಂತ ಗಿಡ್ಡವಾದ ರಸ್ತೆಯನ್ನು ಆರಿಸುತ್ತಾನೆ. ಒಂದು ವಾರ ಏದುಸಿರು ಬಿಡುತ್ತಾ ಬೆವರಿನಲ್ಲಿ ತೊಯ್ದು ತರಗತಿಯನ್ನು ಸೇರುತ್ತಾನೆ. ತಿಂಗಳು ತುಂಬುವುದರೊಳಗೆ ಬೈಸಿಕಲ್ಲು ಮೂಲೆ ಹಿಡಿಯುತ್ತದೆ. ತಪ್ಪು ಬೈಸಿಕಲ್ಲಿನದಲ್ಲ, ದಾರಿಯ ಆಯ್ಕೆಯದು. ಭೂಪಟವು ದೂರವನ್ನು ಅಳೆಯುತ್ತದೆ. ಕಾಲುಗಳಾದರೋ ಕೆಲಸವನ್ನು ಅಳೆಯುತ್ತವೆ. ಇವೆರಡೂ ಒಂದೇ ಅಲ್ಲ.

ಭೌತವಿಜ್ಞಾನದಲ್ಲಿ ಕೆಲಸವೆಂದರೆ ಬಲವನ್ನು ದೂರದಿಂದ ಗುಣಿಸಿದಾಗ ದೊರೆಯುವ ಮೊತ್ತವೆಂಬುದನ್ನು ನಾವು ಬಲ್ಲೆವು. ಸವಾರನೂ ಬೈಸಿಕಲ್ಲೂ ಕೂಡಿ ೭೫ ಕಿಲೊಗ್ರಾಂ ಇರಲಿ, ವೇಗ ಗಂಟೆಗೆ ೧೫ ಕಿಲೊಮೀಟರ್ ಇರಲಿ. ಸಮತಟ್ಟಾದ ಒಳ್ಳೆಯ ರಸ್ತೆಯಲ್ಲಿ ಅವನನ್ನು ತಡೆಯುವ ಬಲಗಳು ಮುಖ್ಯವಾಗಿ ಎರಡು. ಚಕ್ರವು ಉರುಳುವಾಗ ಟೈರು ಅದುಮಿ ಮತ್ತೆ ಉಬ್ಬುವುದರಿಂದ ಉಂಟಾಗುವ ಉರುಳು ಘರ್ಷಣೆ ಮೊದಲನೆಯದು. ಅದು ಸುಮಾರು ೬ ನ್ಯೂಟನ್. ಗಾಳಿಯ ತಡೆ ಎರಡನೆಯದು. ನೆಟ್ಟಗೆ ಕುಳಿತ ಸವಾರನಿಗೆ ಅದೂ ಹೆಚ್ಚು ಕಡಮೆ ೬ ನ್ಯೂಟನ್. ಒಟ್ಟು ೧೨ ನ್ಯೂಟನ್. ಎಂದರೆ ಸಮತಲದಲ್ಲಿ ಒಂದೊಂದು ಮೀಟರ್ ಸಾಗುವುದಕ್ಕೂ ೧೨ ಜೂಲ್ ಕೆಲಸ ಬೇಕು.

ಈಗ ಏರನ್ನು ನೋಡೋಣ. ೭೫ ಕಿಲೊಗ್ರಾಂ ರಾಶಿಯನ್ನು ಒಂದು ಮೀಟರ್ ಎತ್ತರಕ್ಕೆ ಒಯ್ಯಲು ಬೇಕಾಗುವುದು ಸುಮಾರು ೭೩೫ ಜೂಲ್. ಇದನ್ನು ೧೨ರಿಂದ ಭಾಗಿಸಿದರೆ ೬೧ ಬರುತ್ತದೆ. ಆದುದರಿಂದ ಒಂದು ಮೀಟರ್ ಏರುವುದು ಸಮತಲದಲ್ಲಿ ೬೦ ಮೀಟರ್ ಹೆಚ್ಚಾಗಿ ತುಳಿದುದಕ್ಕೆ ಸಮ. ೫೦ ಮೀಟರಿಗೆ ಒಂದು ಮೀಟರ್ ಏರುವ ರಸ್ತೆ ಕಣ್ಣಿಗೆ ಏರೆಂದೇ ತೋರದು. ಆದರೂ ಅದರ ಮೇಲೆ ಕಾಲುಗಳ ಹೊರೆ ಎರಡು ಪಟ್ಟಿಗಿಂತ ಹೆಚ್ಚಾಗುತ್ತದೆ.

ಕೂಡುರಸ್ತೆಗಳ ಲೆಕ್ಕವೂ ಇಂಥದೇ. ೧೫ ಕಿಲೊಮೀಟರ್ ವೇಗದಲ್ಲಿರುವ ನಮ್ಮ ಸವಾರನ ಚಲನಶಕ್ತಿ ಸುಮಾರು ೬೫೦ ಜೂಲ್. ಬ್ರೇಕು ಹಿಡಿದು ನಿಂತೊಡನೆ ಅದೆಲ್ಲವೂ ಶಾಖವಾಗಿ ಕಳೆದುಹೋಗುತ್ತದೆ. ಹೊರಡುವಾಗ ಮತ್ತೆ ಹೊಸದಾಗಿ ಒದಗಿಸಬೇಕು. ಆದುದರಿಂದ ಒಂದು ಸಲ ನಿಲ್ಲುವುದೆಂದರೆ ಸುಮಾರು ೫೫ ಮೀಟರ್ ಹೆಚ್ಚು ತುಳಿದಂತೆ.

ಈ ಎರಡು ಅಂಕಿಗಳಿಂದ ಯಾವ ದಾರಿಯನ್ನಾದರೂ ತೂಗಿ ನೋಡಬಹುದು. ಉದಾಹರಣೆಗಾಗಿ, ಒಂದೇ ಮನೆಯಿಂದ ಒಂದೇ ಕಾಲೇಜಿಗೆ ಎರಡು ದಾರಿಗಳಿವೆಯೆಂದು ಭಾವಿಸೋಣ. ಕಾಲೇಜು ಮನೆಗಿಂತ ೧೨ ಮೀಟರ್ ಎತ್ತರದಲ್ಲಿದೆ. ಮೊದಲನೆಯ ದಾರಿ ೬ ಕಿಲೊಮೀಟರ್. ಆದರೆ ನಡುವೆ ಹಳ್ಳವೊಂದಕ್ಕೆ ೨೦ ಮೀಟರ್ ಕಡಿದಾಗಿ ಇಳಿದು, ಅಲ್ಲಿಂದ ೩೨ ಮೀಟರ್ ಏರುತ್ತದೆ. ನಿಲ್ಲಬೇಕಾದ ಸ್ಥಳಗಳು ೧೪. ಎರಡನೆಯದು ದಿಣ್ಣೆಯ ಮೇಲೆಯೇ ಬಳಸಿ ಬರುವ ೭ ಕಿಲೊಮೀಟರ್ ದಾರಿ. ಏರು ೧೨ ಮೀಟರ್ ಮಾತ್ರ, ನಿಲ್ಲಬೇಕಾದ ಸ್ಥಳಗಳು ೪.

ಇಳಿಜಾರಿನಲ್ಲಿ ಕಳೆದುದು ಹಿಂದಿರುಗಿ ಬರುವುದಿಲ್ಲವೆ ಎಂದು ಕೇಳಬಹುದು. ಇಳಿಜಾರು ಮೆಲ್ಲಗಿದ್ದರೆ ಬಹುಪಾಲು ಬರುತ್ತದೆ. ೨೦ಕ್ಕೆ ೧ರಂತೆ ಕಡಿದಾಗಿದ್ದು, ತಳದಲ್ಲಿ ಕೂಡುರಸ್ತೆಯೂ ಇದ್ದರೆ, ನಮಗೆ ಉಳಿಯುವುದು ಆ ೪೦೦ ಮೀಟರ್ ತುಳಿಯದೆ ಸಾಗಿದುದಷ್ಟೆ. ಮಿಕ್ಕದ್ದು ಬ್ರೇಕಿನ ಪಾಲು. ಹೀಗೆ ಮೊದಲನೆಯ ದಾರಿಯ ಲೆಕ್ಕ: ೬,೦೦೦ದಲ್ಲಿ ೪೦೦ ಕಳೆದು, ಏರಿಗೆ ೧,೯೨೦, ನಿಲುಗಡೆಗೆ ೭೭೦ ಕೂಡಿಸಿದರೆ ೮,೨೯೦ ಮೀಟರ್. ಎರಡನೆಯದು: ೭,೦೦೦ಕ್ಕೆ ೭೨೦ನ್ನೂ ೨೨೦ನ್ನೂ ಕೂಡಿಸಿದರೆ ೭,೯೪೦ ಮೀಟರ್. ಭೂಪಟದಲ್ಲಿ ಒಂದು ಕಿಲೊಮೀಟರ್ ದೂರವಾದ ದಾರಿಯೇ ಕಾಲುಗಳಿಗೆ ಹತ್ತಿರವಾಯಿತು!

ಇದು ಬರಿಯ ಕಾಗದದ ಲೆಕ್ಕವಲ್ಲ. ಬೆಂಗಳೂರಿನ ನೆಲವನ್ನೇ ನೋಡಬಹುದು. ಸಮುದ್ರಮಟ್ಟದಿಂದ ಸುಮಾರು ೯೨೦ ಮೀಟರ್ ಎತ್ತರದ ಆ ನಗರದ ನಡುಭಾಗ ಒಂದು ದಿಣ್ಣೆಯ ಬೆನ್ನಿನ ಮೇಲಿದೆ. ಪಡುವಣ ಮಗ್ಗುಲಿನ ನೀರು ವೃಷಭಾವತಿಯ ಮೂಲಕ ಅರ್ಕಾವತಿಗೂ, ಮೂಡಣ ಮಗ್ಗುಲಿನ ನೀರು ದಕ್ಷಿಣ ಪಿನಾಕಿನಿಗೂ ಹರಿಯುತ್ತದೆ. ದಿಣ್ಣೆಯ ಬೆನ್ನನ್ನು ಹಿಡಿದು ಸಾಗುವ ರಸ್ತೆ ಸುಗಮ. ಕಣಿವೆಗಳನ್ನು ಅಡ್ಡಹಾಯುವ ರಸ್ತೆ ಇಳಿದು ಏರಲೇಬೇಕು. ಕೆರೆಯ ಏರಿಯ ಮೇಲಣ ದಾರಿಯಾದರೋ ಹೆಸರಿಗೆ ಏರಿ, ಸವಾರನಿಗೆ ಸಮತಲ; ನೀರನ್ನು ತಡೆಯುವ ಕಟ್ಟೆಯ ನೆತ್ತಿ ಮಟ್ಟವಾಗಿರಲೇಬೇಕಷ್ಟೆ.

ನೈಋತ್ಯದಲ್ಲಿರುವ ಕೆಂಗೇರಿ ಉಪನಗರದಿಂದ ನಗರದ ನಡುಭಾಗಕ್ಕೆ ಬರುವವನು ವೃಷಭಾವತಿಯ ಹರಿವಿಗೆ ಎದುರಾಗಿ ಬರುತ್ತಾನೆ. ಆದುದರಿಂದ ಬೆಳಗ್ಗೆ ಒಟ್ಟಿನಲ್ಲಿ ಏರು, ಸಂಜೆ ಇಳಿತ. ಮುಂಗಾರಿನ ತಿಂಗಳುಗಳಲ್ಲಿ ಗಾಳಿ ಬೀಸುವುದೂ ಬಹುಮಟ್ಟಿಗೆ ಪಶ್ಚಿಮ-ನೈಋತ್ಯದಿಂದಲೇ. ಬೆಳಗಿನ ಏರಿಗೆ ಅದು ನೆರವಾಗುತ್ತದೆ, ಸಂಜೆ ಎದುರಾಗುತ್ತದೆ. ಎದುರುಗಾಳಿಯನ್ನು ಅಲ್ಪವೆಂದು ಎಣಿಸಬಾರದು. ಗಾಳಿಯ ತಡೆ ವೇಗದ ವರ್ಗದಂತೆ ಹೆಚ್ಚುವುದರಿಂದ, ಗಂಟೆಗೆ ೧೦ ಕಿಲೊಮೀಟರ್ ಎದುರುಗಾಳಿಯಿದ್ದರೆ ನಮ್ಮ ೬ ನ್ಯೂಟನ್ ಸುಮಾರು ೧೭ ಆಗುತ್ತದೆ.

ಇನ್ನೊಂದು ಸಂಗತಿ ಸೂರ್ಯನದು. ಊರಿನ ಪಡುವಣದಲ್ಲಿ ಮನೆಯುಳ್ಳವನಿಗೆ ಬೆಳಗ್ಗೆಯೂ ಬಿಸಿಲು ಮುಖಕ್ಕೆ, ಸಂಜೆಯೂ ಮುಖಕ್ಕೆ. ಮೂಡಣದಲ್ಲಿ ಮನೆಯುಳ್ಳವನಿಗೆ ಎರಡು ಹೊತ್ತೂ ಬೆನ್ನಿಗೆ. ಬಿಸಿಲು ಸವಾರನ ಕಣ್ಣನ್ನು ಮಾತ್ರ ಕೋರೈಸುವುದಿಲ್ಲ. ಅವನ ಹಿಂದೆ ಬರುವ ಲಾರಿಯ ಚಾಲಕನ ಕಣ್ಣನ್ನೂ ಕೋರೈಸುತ್ತದೆ. ಮರಗಳ ನೆರಳಿರುವ ಬೀದಿಯನ್ನು ಹುಡುಕುವುದಕ್ಕೆ ಇದು ತಂಪಿಗಿಂತ ದೊಡ್ಡ ಕಾರಣ.

ಇಲ್ಲಿಂದ ಮುಂದೆ ನಮ್ಮ ತಕ್ಕಡಿ ಕೆಲಸಕ್ಕೆ ಬಾರದು. ಅಪಾಯವನ್ನು ಮೀಟರುಗಳಾಗಿ ಬದಲಾಯಿಸಲು ಯಾವ ಸೂತ್ರವೂ ಇಲ್ಲ. ಆದುದರಿಂದ ಅದನ್ನು ಕೂಡಿಸುವ ಲೆಕ್ಕದಲ್ಲಿ ಸೇರಿಸದೆ, ಎಲ್ಲಕ್ಕಿಂತ ಮೊದಲು ಜರಡಿಯಾಗಿ ಬಳಸಬೇಕು. ಭಾರದ ವಾಹನಗಳು ವೇಗವಾಗಿ ಓಡುವ ಹೆದ್ದಾರಿ, ದೀಪವಿಲ್ಲದ ಕೆಳಸೇತುವೆ, ಮಳೆಯಲ್ಲಿ ನೀರು ನಿಂತು ಮೋರಿಯ ಬಾಯಿ ಕಾಣದಂತಾಗುವ ತಗ್ಗು, ಇವುಗಳುಳ್ಳ ದಾರಿಯನ್ನು ಎಷ್ಟೇ ಹಗುರವಾಗಿದ್ದರೂ ತೊಡೆದುಹಾಕಬೇಕು. ನಮ್ಮ ದೇಶದಲ್ಲಿ ವಾಹನಗಳು ಎಡಕ್ಕೆ ಚಲಿಸುವುದರಿಂದ, ಬಲಕ್ಕೆ ತಿರುಗುವವನು ಎದುರಿನ ಸಾಲನ್ನು ಅಡ್ಡಹಾಯಬೇಕಾಗುತ್ತದೆ; ಅಂಥ ತಿರುವುಗಳು ಕಡಮೆಯಿದ್ದಷ್ಟೂ ಒಳಿತು. ಉಳಿದ ದಾರಿಗಳಲ್ಲಿ ಯಾವುದು ಹಗುರವೆಂದು ಆಮೇಲೆ ಎಣಿಸೋಣ.

ಎತ್ತರವನ್ನು ತಿಳಿಯುವುದು ಕಷ್ಟವಲ್ಲ. ಭಾರತೀಯ ಸರ್ವೇಕ್ಷಣ ಇಲಾಖೆಯ ಭೂಪಟಗಳಲ್ಲಿ ಸಮೋನ್ನತಿ ರೇಖೆಗಳಿವೆ. ದಾರಿಯು ಅವುಗಳನ್ನು ಎಷ್ಟು ಸಲ ದಾಟುತ್ತದೆಂದು ಎಣಿಸಬಹುದು. ಇಂದು ಕೈಯಲ್ಲಿರುವ ಫೋನೂ ಎತ್ತರಗಳನ್ನು ತೋರಿಸಬಲ್ಲುದು. ಆದರೆ ಪರೀಕ್ಷೆಯ ಸವಾರಿಯನ್ನು ಮಾತ್ರ ಭಾನುವಾರದ ಬೆಳಗ್ಗೆ ಮಾಡಿ ತೃಪ್ತಿಪಡಬಾರದು. ಭಾನುವಾರ ನೆಲವನ್ನು ನೋಡಿಕೊಂಡು, ಕೆಲಸದ ದಿನ ಅದೇ ಹೊತ್ತಿಗೆ ವಾಹನಗಳನ್ನು ನೋಡಬೇಕು. ಸಂಜೆ ಮರಳುವ ದಾರಿ ಬೆಳಗಿನದೇ ಆಗಿರಬೇಕೆಂಬ ನಿಯಮವೂ ಇಲ್ಲ.

ಕೊನೆಯದಾಗಿ ವಿದ್ಯಾರ್ಥಿಗಳು ತಾವೇ ಮಾಡಬಹುದಾದ ಒಂದು ಪ್ರಯೋಗ. ಗಾಳಿಯಿಲ್ಲದ ಹೊತ್ತಿನಲ್ಲಿ, ಜನಸಂಚಾರವಿಲ್ಲದ ಸಮತಟ್ಟಾದ ಮೈದಾನದ ದಾರಿಯಲ್ಲಿ ಒಂದೇ ಹದವಾದ ವೇಗದಿಂದ ಬಂದು, ಗುರುತು ಮಾಡಿದ ಗೆರೆಯ ಬಳಿ ತುಳಿಯುವುದನ್ನು ನಿಲ್ಲಿಸಿ. ಬೈಸಿಕಲ್ಲು ತಾನಾಗಿಯೇ ಎಷ್ಟು ದೂರ ಉರುಳಿತೆಂದು ಅಳೆಯಿರಿ. ನಮ್ಮ ಲೆಕ್ಕದ ಸವಾರನಾದರೆ ಸುಮಾರು ೭೫ ಮೀಟರ್ ಉರುಳಬೇಕು. ಟೈರಿನ ಗಾಳಿಯನ್ನು ಸ್ವಲ್ಪ ಇಳಿಸಿ ಮತ್ತೊಮ್ಮೆ ಅಳೆಯಿರಿ. ಎರಡು ಅಳತೆಗಳ ಅಂತರವೇ, ಮೆತ್ತನೆಯ ಟೈರಿನಿಂದ ದಿನವೂ ನಿಮ್ಮ ಕಾಲುಗಳು ತೆರುತ್ತಿರುವ ಸುಂಕ. ಹೊಸ ಮನೆಯಿಂದ ಹೊರಡುವ ಮೊದಲ ದಿನ ದಾರಿಯನ್ನು ಕುರಿತು ಯೋಚಿಸುವ ಮುನ್ನ ಪಂಪನ್ನು ಕೈಗೆ ತೆಗೆದುಕೊಳ್ಳಿ.