ಸರ್ಕಾರಿ ಟೆಂಡರಿಗೆ ನೋಂದಣಿ: ಪೂರ್ಣಗೊಂಡಿದೆಯೇ ಎಂದು ಖಚಿತಪಡಿಸಿಕೊಳ್ಳುವ ಬಗೆ

ಸರ್ಕಾರಿ ಇಲಾಖೆಗಳಿಗೂ ಸಾರ್ವಜನಿಕ ವಲಯದ ಉದ್ದಿಮೆಗಳಿಗೂ ಸರಕು ಅಥವಾ ಸೇವೆ ಒದಗಿಸಬಯಸುವ ಸಣ್ಣ ಉದ್ದಿಮೆದಾರರಲ್ಲಿ ಒಂದು ತಪ್ಪು ತಿಳಿವಳಿಕೆ ಸಾಮಾನ್ಯವಾಗಿದೆ. ಅರ್ಜಿ ಸಲ್ಲಿಸಿ ಸ್ವೀಕೃತಿ ಸಂಖ್ಯೆ ಬಂದೊಡನೆ ನೋಂದಣಿ ಮುಗಿಯಿತೆಂದು ಅವರು ಭಾವಿಸುತ್ತಾರೆ. ಎರಡು ಲಕೋಟೆಗಳ ಪದ್ಧತಿಯಲ್ಲಿ ಮೊದಲು ತೆರೆಯುವುದು ತಾಂತ್ರಿಕ ಲಕೋಟೆ. ಅದರಲ್ಲಿನ ದಾಖಲೆಗಳು ಅರ್ಹತೆ ಪಡೆಯದಿದ್ದರೆ ದರದ ಲಕೋಟೆಯನ್ನು ತೆರೆಯುವುದೇ ಇಲ್ಲ. ಎಲ್ಲರಿಗಿಂತ ಕಡಿಮೆ ದರ ನಮೂದಿಸಿದವರೂ ಹೀಗೆ ಅವಕಾಶ ಕಳೆದುಕೊಳ್ಳಬಹುದು. ಆದುದರಿಂದ ನೋಂದಣಿಯು ನಿಜಕ್ಕೂ ಪೂರ್ಣಗೊಂಡಿದೆಯೇ ಎಂಬುದನ್ನು ಟೆಂಡರ್ ಪ್ರಕಟಣೆಗೆ ಮುನ್ನವೇ ಪರಿಶೀಲಿಸಿಕೊಳ್ಳುವುದು ಅಗತ್ಯ.

1. ನೋಂದಣಿಯ ಮೂರು ಹಂತಗಳು

ಸಲ್ಲಿಕೆ, ಅನುಮೋದನೆ, ಚಾಲ್ತಿ ಎಂಬ ಮೂರು ಹಂತಗಳನ್ನು ಪ್ರತ್ಯೇಕವಾಗಿ ಗುರುತಿಸಬೇಕು. ಸ್ವೀಕೃತಿ ಪತ್ರವು ಅರ್ಜಿ ತಲುಪಿದುದಕ್ಕೆ ಮಾತ್ರ ಸಾಕ್ಷಿ. ಅನುಮೋದನೆಯ ಬಳಿಕ ಪ್ರಮಾಣಪತ್ರ ದೊರೆಯುತ್ತದೆ. ಆದರೆ ಕಡತದಲ್ಲಿರುವ ಪ್ರಮಾಣಪತ್ರವು ಅದನ್ನು ನೀಡಿದ ದಿನದ ಸ್ಥಿತಿಯನ್ನಷ್ಟೇ ಹೇಳುತ್ತದೆ. ಇಂದಿನ ಸ್ಥಿತಿಯನ್ನು ಆಯಾ ಇಲಾಖೆಯ ಅಂತರ್ಜಾಲ ತಾಣದಲ್ಲಿಯೇ ನೋಡಬೇಕು. ಟೆಂಡರ್ ಪರಿಶೀಲನಾ ಸಮಿತಿಯೂ ಅಲ್ಲಿಯೇ ನೋಡಬಲ್ಲದು.

2. ಪ್ಯಾನ್: ಎಲ್ಲಕ್ಕೂ ಬುನಾದಿ

ಇತರ ನೋಂದಣಿಗಳೆಲ್ಲವೂ ಪ್ಯಾನ್ ಆಧಾರಿತವಾಗಿವೆ. ಹತ್ತು ಅಕ್ಷರಾಂಕಗಳ ಈ ಸಂಖ್ಯೆಯಲ್ಲಿ ನಾಲ್ಕನೆಯ ಅಕ್ಷರವು ಉದ್ದಿಮೆಯ ಸ್ವರೂಪವನ್ನು ತಿಳಿಸುತ್ತದೆ. ವ್ಯಕ್ತಿಗೆ 'ಪಿ', ಪಾಲುದಾರಿಕೆ ಸಂಸ್ಥೆಗೆ 'ಎಫ್', ಕಂಪನಿಗೆ 'ಸಿ'. ಏಕಮಾಲೀಕ ಉದ್ದಿಮೆಗೆ ಪ್ರತ್ಯೇಕ ಪ್ಯಾನ್ ಇರುವುದಿಲ್ಲ. ಮಾಲೀಕರ ಪ್ಯಾನ್ ಅನ್ನೇ ಬಳಸಲಾಗುತ್ತದೆ. ಬೋರ್ಡಿನ ಮೇಲಿನ ವ್ಯಾಪಾರನಾಮವನ್ನು ಒಂದೆಡೆಯೂ ಮಾಲೀಕರ ಹೆಸರನ್ನು ಇನ್ನೊಂದೆಡೆಯೂ ಬರೆದು ಗೊಂದಲ ಉಂಟುಮಾಡಬಾರದು. ಪ್ಯಾನ್, ಜಿಎಸ್‌ಟಿ, ಬ್ಯಾಂಕ್ ಖಾತೆ, ಉದ್ಯಮ್ ಪ್ರಮಾಣಪತ್ರ ಇವೆಲ್ಲವುಗಳಲ್ಲಿ ಕಾನೂನುಬದ್ಧ ಹೆಸರು ಅಕ್ಷರಶಃ ಒಂದೇ ಆಗಿರತಕ್ಕದ್ದು.

3. ಜಿಎಸ್‌ಟಿ ನೋಂದಣಿಯ ಸ್ಥಿತಿ

ಜಿಎಸ್‌ಟಿ ಸಂಖ್ಯೆಯು 15 ಅಕ್ಷರಾಂಕಗಳದ್ದು. ಮೊದಲ ಎರಡು ಅಂಕಿಗಳು ರಾಜ್ಯದ ಸಂಕೇತ, ಕರ್ನಾಟಕಕ್ಕೆ 29. ಮುಂದಿನ ಹತ್ತು ಪ್ಯಾನ್. ಜಿಎಸ್‌ಟಿ ತಾಣದಲ್ಲಿ ತೆರಿಗೆದಾರರನ್ನು ಹುಡುಕುವ ಸೌಲಭ್ಯವು ಎಲ್ಲರಿಗೂ ಮುಕ್ತವಾಗಿದೆ. ನೋಂದಣಿಯು ಸಕ್ರಿಯವೋ, ಅಮಾನತಾಗಿದೆಯೋ, ರದ್ದಾಗಿದೆಯೋ ಎಂಬುದು ಅಲ್ಲಿ ಕಾಣುತ್ತದೆ. ಮಾಸಿಕ ವಿವರಪಟ್ಟಿ ಸಲ್ಲಿಸುವವರು ಸತತ 6 ತಿಂಗಳು, ತ್ರೈಮಾಸಿಕ ಪದ್ಧತಿಯವರು ಸತತ 2 ತೆರಿಗೆ ಅವಧಿ ಬಾಕಿ ಉಳಿಸಿಕೊಂಡಲ್ಲಿ ನೋಂದಣಿ ರದ್ದತಿಗೆ ಗುರಿಯಾಗುತ್ತದೆ. ಹೊಸದಾಗಿ ನೋಂದಾಯಿಸಿದವರು 30 ದಿನಗಳೊಳಗೆ, ಅಥವಾ ಮಾರಾಟದ ಮೊದಲ ವಿವರಪಟ್ಟಿ ಸಲ್ಲಿಸುವ ಮುನ್ನ, ಇವೆರಡರಲ್ಲಿ ಯಾವುದು ಮೊದಲೋ ಅಷ್ಟರೊಳಗೆ ಬ್ಯಾಂಕ್ ಖಾತೆಯ ವಿವರ ಒದಗಿಸಬೇಕು. ಇಲ್ಲವಾದರೆ ನೋಂದಣಿ ಅಮಾನತಾಗಬಹುದು.

4. ಉದ್ಯಮ್ ನೋಂದಣಿ

2020ರ ಜುಲೈ 1ರಿಂದ ಜಾರಿಗೆ ಬಂದ ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ. ದಾಖಲೆಗಳನ್ನು ಲಗತ್ತಿಸಬೇಕಾಗಿಯೂ ಇಲ್ಲ. ಹಳೆಯ ಉದ್ಯೋಗ್ ಆಧಾರ್ ಪತ್ರಗಳ ಮಾನ್ಯತೆ 2022ರ ಜೂನ್ 30ಕ್ಕೆ ಕೊನೆಗೊಂಡಿದೆ. ಅವುಗಳನ್ನು ಬಿಡ್‌ಗೆ ಲಗತ್ತಿಸುವುದರಿಂದ ಪ್ರಯೋಜನವಿಲ್ಲ.

2025ರ ಏಪ್ರಿಲ್ 1ರಿಂದ ವರ್ಗೀಕರಣದ ಮಿತಿಗಳು ಬದಲಾಗಿವೆ. ಅತಿಸಣ್ಣ ಉದ್ದಿಮೆಗೆ ಹೂಡಿಕೆ ರೂ. 2.5 ಕೋಟಿ, ವಹಿವಾಟು ರೂ. 10 ಕೋಟಿ, ಸಣ್ಣ ಉದ್ದಿಮೆಗೆ ಕ್ರಮವಾಗಿ ರೂ. 25 ಕೋಟಿ ಮತ್ತು ರೂ. 100 ಕೋಟಿ, ಮಧ್ಯಮ ಉದ್ದಿಮೆಗೆ ರೂ. 125 ಕೋಟಿ ಮತ್ತು ರೂ. 500 ಕೋಟಿ. ಕೇಂದ್ರದ 2012ರ ಸಾರ್ವಜನಿಕ ಸಂಗ್ರಹಣಾ ನೀತಿಯ ಮೇರೆಗೆ ದೊರೆಯುವ ಉಚಿತ ಟೆಂಡರ್ ಪತ್ರ, ಮುಂಗಡ ಠೇವಣಿ ವಿನಾಯಿತಿ ಮುಂತಾದ ಸೌಲಭ್ಯಗಳು ಅತಿಸಣ್ಣ ಹಾಗೂ ಸಣ್ಣ ಉದ್ದಿಮೆಗಳಿಗೆ ಮೀಸಲು, ಮಧ್ಯಮ ಉದ್ದಿಮೆಗಳಿಗಿಲ್ಲ. ಆದರೆ ಉದ್ದಿಮೆ ಬೆಳೆದು ಮೇಲಿನ ವರ್ಗಕ್ಕೆ ಸೇರಿದಲ್ಲಿ ಹಿಂದಿನ ವರ್ಗದ ತೆರಿಗೆಯೇತರ ಸೌಲಭ್ಯಗಳು 3 ವರ್ಷ ಮುಂದುವರಿಯುತ್ತವೆಂದು 2022ರ ಅಕ್ಟೋಬರ್ ತಿದ್ದುಪಡಿ ತಿಳಿಸುತ್ತದೆ.

ಇಲ್ಲಿ ಎರಡು ಅಂಶಗಳನ್ನು ವಿಶೇಷವಾಗಿ ಗಮನಿಸಬೇಕು. ಮೊದಲನೆಯದಾಗಿ, 2021ರ ಜುಲೈನಿಂದ ವ್ಯಾಪಾರಿಗಳಿಗೂ ಉದ್ಯಮ್ ನೋಂದಣಿ ದೊರೆಯುತ್ತಿದೆಯಾದರೂ ಅದರ ಪ್ರಯೋಜನವು ಬ್ಯಾಂಕುಗಳ ಆದ್ಯತಾ ವಲಯದ ಸಾಲಕ್ಕೆ ಸೀಮಿತ. ಪ್ರಮುಖ ಚಟುವಟಿಕೆ 'ವ್ಯಾಪಾರ' ಎಂದಿದ್ದರೆ ಸಂಗ್ರಹಣಾ ನೀತಿಯ ಸೌಲಭ್ಯ ಸಿಗದು. ಎರಡನೆಯದಾಗಿ, ಆ ನೀತಿಯು ಕೇಂದ್ರ ಸಚಿವಾಲಯಗಳಿಗೂ ಕೇಂದ್ರೋದ್ಯಮಗಳಿಗೂ ಅನ್ವಯಿಸುತ್ತದೆ. ರಾಜ್ಯದ ಇಲಾಖೆಗಳ ಟೆಂಡರುಗಳು ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999 ಮತ್ತು ಅದರ ನಿಯಮಗಳಿಗೆ ಒಳಪಟ್ಟಿವೆ. ವಿನಾಯಿತಿ ಉಂಟೇ ಇಲ್ಲವೇ ಎಂಬುದನ್ನು ಆಯಾ ಟೆಂಡರ್ ಪತ್ರದಿಂದಲೇ ತಿಳಿಯಬೇಕು.

5. ಸಂಗ್ರಹಣಾ ತಾಣ ಮತ್ತು ಡಿಜಿಟಲ್ ಸಹಿ

ಕೇಂದ್ರದ ಖರೀದಿಗೆ 2016ರಲ್ಲಿ ಆರಂಭವಾದ ಸರ್ಕಾರಿ ಇ-ಮಾರುಕಟ್ಟೆ, ಅಂದರೆ ಜೆಮ್, ಮುಖ್ಯ ವೇದಿಕೆ. ರಾಜ್ಯದ ಟೆಂಡರುಗಳಿಗೆ ಕರ್ನಾಟಕ ಸಾರ್ವಜನಿಕ ಸಂಗ್ರಹಣಾ ತಾಣವಿದೆ. ಒಂದರ ನೋಂದಣಿ ಇನ್ನೊಂದಕ್ಕೆ ಸಲ್ಲದು. ಬಳಕೆದಾರರ ಹೆಸರು ಮತ್ತು ಗುಪ್ತಪದ ದೊರೆತ ಮಾತ್ರಕ್ಕೆ ಖಾತೆ ಪೂರ್ಣವಾಗದು. ಪ್ಯಾನ್, ತೆರಿಗೆ, ಕಚೇರಿ ವಿಳಾಸ, ಬ್ಯಾಂಕ್ ಖಾತೆ ಇವುಗಳ ಎದುರು ಪರಿಶೀಲನೆ ಮುಗಿದ ಗುರುತು ಬಂದಿರಬೇಕು.

ಡಿಜಿಟಲ್ ಸಹಿ 3ನೇ ದರ್ಜೆಯದ್ದಾಗಿರಬೇಕು. 2ನೇ ದರ್ಜೆಯ ಪ್ರಮಾಣಪತ್ರಗಳನ್ನು 2021ರ ಜನವರಿ 1ರಿಂದ ನೀಡುತ್ತಿಲ್ಲ. ಅವಧಿ ಮುಗಿದು ಹೊಸ ಸಹಿ ಪಡೆದಾಗ ಅದನ್ನು ತಾಣದ ಖಾತೆಗೆ ಮತ್ತೆ ಜೋಡಿಸಬೇಕು. ಸಹಿಯ ಟೋಕನ್ ಮೇಜಿನ ಖಾನೆಯಲ್ಲಿದ್ದರೂ ಈ ಜೋಡಣೆ ಆಗಿರದಿದ್ದರೆ ಕೊನೆಯ ದಿನ ಬಿಡ್ ಸಲ್ಲಿಸಲಾಗದು.

6. ಒಂದು ಉದಾಹರಣೆ

ಉಕ್ಕಿನ ಬೀರು ತಯಾರಿಸುವ ಏಕಮಾಲೀಕ ಘಟಕವೊಂದು ಪ್ರೈವೇಟ್ ಲಿಮಿಟೆಡ್ ಕಂಪನಿಯಾಗಿ ಪರಿವರ್ತನೆಗೊಂಡಿದೆಯೆಂದು ಇಟ್ಟುಕೊಳ್ಳಬಹುದು. ಕಾರ್ಖಾನೆ ಅದೇ, ಯಂತ್ರಗಳು ಅವೇ, ಮಾಲೀಕರೂ ಅವರೇ. ಆದರೆ ಪ್ಯಾನ್ ಹೊಸದು. ಆದ್ದರಿಂದ ಜಿಎಸ್‌ಟಿ ಸಂಖ್ಯೆ, ಉದ್ಯಮ್ ಸಂಖ್ಯೆ, ತಾಣದ ಖಾತೆ, ಕಂಪನಿಯ ಪರವಾದ ಡಿಜಿಟಲ್ ಸಹಿ ಎಲ್ಲವೂ ಹೊಸದಾಗಿಯೇ ಆಗಬೇಕು. ಕೇಂದ್ರೋದ್ಯಮವೊಂದರ ಟೆಂಡರಿನ ಅಂದಾಜು ಮೌಲ್ಯ ರೂ. 40 ಲಕ್ಷ, ಮುಂಗಡ ಠೇವಣಿ ಶೇ. 2, ಅಂದರೆ ರೂ. 80,000. ಕಂಪನಿಯು ಹಳೆಯ ಉದ್ಯಮ್ ಪ್ರಮಾಣಪತ್ರವನ್ನು ಲಗತ್ತಿಸಿ ವಿನಾಯಿತಿ ಕೋರಿದರೆ, ಆ ಪತ್ರ ಮಾಲೀಕರ ವೈಯಕ್ತಿಕ ಪ್ಯಾನ್‌ಗೆ ಸೇರಿದ್ದಾದ್ದರಿಂದ ವಿನಾಯಿತಿ ಅನ್ವಯಿಸದು. ಠೇವಣಿಯೂ ಇಲ್ಲ, ವಿನಾಯಿತಿಯೂ ಇಲ್ಲ ಎಂಬ ಕಾರಣಕ್ಕೆ ಬಿಡ್ ತಿರಸ್ಕೃತವಾಗುತ್ತದೆ. ರೂ. 80,000 ಉಳಿಸಹೋಗಿ ರೂ. 40 ಲಕ್ಷದ ಆದೇಶ ಕೈತಪ್ಪುತ್ತದೆ. ಠೇವಣಿಯು ಯಶಸ್ವಿಯಾಗದ ಬಿಡ್‌ದಾರರಿಗೆ ಹಿಂದಿರುಗುವ ಹಣ. ವಿನಾಯಿತಿಯ ಬಗ್ಗೆ ಸಂಶಯವಿದ್ದಲ್ಲಿ ಅದನ್ನು ಪಾವತಿಸುವುದೇ ಜಾಣತನ.

7. ಪರಿಶೀಲನಾ ಕ್ರಮ

ಅ) ಪ್ಯಾನ್‌ನ ನಾಲ್ಕನೆಯ ಅಕ್ಷರ ಉದ್ದಿಮೆಯ ಈಗಿನ ಸ್ವರೂಪಕ್ಕೆ ಹೊಂದುತ್ತದೆಯೇ?
ಆ) ಜಿಎಸ್‌ಟಿ ತಾಣದಲ್ಲಿ ಸ್ಥಿತಿ 'ಸಕ್ರಿಯ' ಎಂದಿದೆಯೇ? ವಿಳಾಸ ಈಗಿನದೇ?
ಇ) ಉದ್ಯಮ್ ಪ್ರಮಾಣಪತ್ರದಲ್ಲಿ ವರ್ಗ, ಪ್ರಮುಖ ಚಟುವಟಿಕೆ ಮತ್ತು ಚಟುವಟಿಕೆಯ ಸಂಕೇತಗಳು ಟೆಂಡರಿನ ವಸ್ತುವಿಗೆ ಹೊಂದುತ್ತವೆಯೇ?
ಈ) ಠೇವಣಿ ಮರುಪಾವತಿಗೆ ಕೊಟ್ಟ ಬ್ಯಾಂಕ್ ಖಾತೆ ಉದ್ದಿಮೆಯ ಹೆಸರಿನಲ್ಲಿಯೇ ಇದೆಯೇ?
ಉ) ಡಿಜಿಟಲ್ ಸಹಿ ತಾಣಕ್ಕೆ ಜೋಡಣೆಯಾಗಿದೆಯೇ? ಅವಧಿ ಎಂದಿಗೆ ಮುಗಿಯುತ್ತದೆ?
ಊ) ಸಹಿ ಮಾಡುವವರಿಗೆ ಕಂಪನಿಯ ನಿರ್ಣಯ ಅಥವಾ ಪಾಲುದಾರರ ಅಧಿಕಾರಪತ್ರವಿದೆಯೇ?

ಈ ಆರು ಪ್ರಶ್ನೆಗಳಿಗೆ ಉತ್ತರವನ್ನು ಆಯಾ ತಾಣದಿಂದಲೇ ಪಡೆದು, ದಿನಾಂಕಸಹಿತ ಮುದ್ರಿತ ಪ್ರತಿಯನ್ನು ಕಡತದಲ್ಲಿರಿಸುವುದು ಒಳ್ಳೆಯ ಪದ್ಧತಿ. ಪ್ರತಿ ತ್ರೈಮಾಸಿಕದ ಆರಂಭದಲ್ಲಿ ಒಮ್ಮೆ, ಪ್ರತಿ ಬಿಡ್‌ಗೆ ಒಂದು ವಾರ ಮುಂಚೆ ಇನ್ನೊಮ್ಮೆ ಈ ಪರಿಶೀಲನೆ ನಡೆಯಲಿ. ದೋಷ ಕಂಡುಬಂದರೆ ತಿದ್ದಿಕೊಳ್ಳಲು ಆಗ ಸಮಯವಿರುತ್ತದೆ. ಲಕೋಟೆ ತೆರೆದ ಮೇಲೆ ಇರುವುದಿಲ್ಲ.