ಹೃದಯದ ಆಪರೇಷನ್ ಆದವರಿಗೆ ನಡಿಗೆ ಬೇಗ, ಬಕೆಟ್ ತಡ

ಹೈನುಗಾರ ಸಹೋದರಿಯರೇ, ಕರು ಹಾಕಿದ ಹಸು ಹಾಲು ಜ್ವರ ಬಂದು ನೆಲ ಹಿಡಿದರೆ ನೀವು ಏನು ಮಾಡುತ್ತೀರಿ? ಪಶುವೈದ್ಯರಿಗೆ ಫೋನ್ ಮಾಡಿ, ಅವರು ಬರುವಷ್ಟರಲ್ಲಿ ಹಸುವನ್ನು ಎದೆಯ ಮೇಲೆ ಕೂರಿಸಿ, ಪಕ್ಕಕ್ಕೆ ಹುಲ್ಲು ತುಂಬಿದ ಚೀಲ ಒತ್ತು ಕೊಡುತ್ತೀರಿ. ಏಳುವ ತನಕ ಕೆಲವು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತೀರಿ. ಒಂದೇ ಮಗ್ಗುಲಲ್ಲಿ ಚಾಚಿ ಮಲಗಿದರೆ ಹೊಟ್ಟೆ ಉಬ್ಬರಿಸಿ ಉಸಿರು ಕಟ್ಟುತ್ತದೆ, ಕೆಳಗಿನ ಕಾಲು ಸೋಲುತ್ತದೆ ಎಂದು ನಿಮಗೆ ಗೊತ್ತು. ಆದರೆ ಮನೆಯವರಿಗೇ ಹೃದಯದ ಆಪರೇಷನ್ ಆದಾಗ ಈ ತಿಳಿವಳಿಕೆ ಮರೆತು, "ಅಲ್ಲಾಡಬೇಡ, ಸುಮ್ಮನೆ ಮಲಗಿರು" ಎನ್ನುತ್ತೇವೆ.

ನಮ್ಮ ಹಳ್ಳಿಗಳಿಂದ ಹೃದಯದ ಚಿಕಿತ್ಸೆಗೆ ಅನೇಕರು ಬೆಂಗಳೂರಿನ ಜಯನಗರ 9ನೇ ಬ್ಲಾಕಿನ ಜಯದೇವ ಆಸ್ಪತ್ರೆಗೆ ಹೋಗುತ್ತಾರೆ. ಡಿಸ್ಚಾರ್ಜ್ ಆದ ಮೇಲೆ ಗಿರಿನಗರ, ಬನಶಂಕರಿ ಕಡೆ ಮಗಳ ಮನೆಯಲ್ಲೋ ತಮ್ಮನ ಮನೆಯಲ್ಲೋ ಹತ್ತು ಹದಿನೈದು ದಿನ ಇದ್ದು ಊರಿಗೆ ಬರುವುದುಂಟು. ಈ ಪಾಠ ಆ ದಿನಗಳಿಗೆ, ಮತ್ತು ಊರಿಗೆ ಬಂದ ಮೇಲಿನ ಮೂರು ತಿಂಗಳಿಗೆ.

ಹಿಂದೆ ವೈದ್ಯರೂ ಹೃದಯ ರೋಗಿಗಳನ್ನು ವಾರಗಟ್ಟಲೆ ಮಲಗಿಸುತ್ತಿದ್ದರು. 1952ರಲ್ಲಿ ಅಮೆರಿಕದ ಬಾಸ್ಟನ್‌ನ ಸ್ಯಾಮುಯೆಲ್ ಲೆವಿನ್ ಮತ್ತು ಬರ್ನಾರ್ಡ್ ಲೌನ್ ಎಂಬ ವೈದ್ಯರು, ಹೃದಯಾಘಾತವಾದವರನ್ನು ಬೇಗನೆ ಕುರ್ಚಿಯಲ್ಲಿ ಕೂರಿಸಿದರೆ ಒಳ್ಳೆಯದು ಎಂದು ಬರೆದರು. ಈಗ ಬೈಪಾಸ್ ಅಥವಾ ವಾಲ್ವ್ ಆಪರೇಷನ್ ಆದವರನ್ನೂ, ಎಲ್ಲ ಸರಿಯಿದ್ದರೆ, ಉಸಿರಿನ ನಳಿಕೆ ತೆಗೆದ ಮಾರನೆಯ ದಿನವೇ ಮಂಚದ ಅಂಚಿಗೆ, ಕುರ್ಚಿಗೆ ಕೂರಿಸುತ್ತಾರೆ. ಒಂದೆರಡು ದಿನದಲ್ಲಿ ನಾಲ್ಕು ಹೆಜ್ಜೆ ನಡೆಸುತ್ತಾರೆ. ನರ್ಸ್ ಎಬ್ಬಿಸಿದರೆ "ಕರುಣೆಯೇ ಇಲ್ಲ" ಎಂದು ಜಗಳಕ್ಕೆ ಹೋಗಬೇಡಿ.

ಅಂಗಾತ ಮಲಗಿದಾಗ ಹೊಟ್ಟೆಯ ಭಾರ ಮೇಲೆ ಒತ್ತಿ ಶ್ವಾಸಕೋಶದ ಕೆಳಭಾಗಕ್ಕೆ ಗಾಳಿ ಸರಿಯಾಗಿ ಹೋಗುವುದಿಲ್ಲ. ಅಲ್ಲಿ ಕಫ ಕಟ್ಟಿ ನ್ಯುಮೋನಿಯಾ ಆಗಬಹುದು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು. ಆದ್ದರಿಂದ ಬೆನ್ನಿಗೆ ದಿಂಬು ಕೊಟ್ಟು ತಲೆ, ಎದೆ ಎತ್ತರದಲ್ಲಿರುವಂತೆ ಒರಗಿಸಿ. ಕೆಮ್ಮು ಬಂದಾಗ ಒಂದು ದಿಂಬನ್ನು ಎದೆಗೆ ಅಪ್ಪಿಕೊಂಡು ಕೆಮ್ಮಬೇಕು, ಕಫ ನುಂಗಿಕೊಳ್ಳಬಾರದು. ಮೂರು ಚೆಂಡಿನ ಉಸಿರಾಟದ ಸಾಧನ ಕೊಟ್ಟಿದ್ದರೆ ಗಾಳಿಯನ್ನು ಒಳಕ್ಕೆ ಎಳೆಯಬೇಕು. ಬಹಳ ಮಂದಿ ಒಲೆ ಊದಿದಂತೆ ಊದುತ್ತಾರೆ, ಅದು ತಪ್ಪು.

ಏಳುವ ರೀತಿಯಲ್ಲೇ ಹೆಚ್ಚು ಎಡವಟ್ಟು. ಆಪರೇಷನ್‌ನಲ್ಲಿ ಎದೆಯ ನಡುವಿನ ಮೂಳೆ ಸೀಳಿ ತಂತಿಯಿಂದ ಬಿಗಿದಿರುತ್ತಾರೆ. ಅದು ಕೂಡಲು ಆರರಿಂದ ಎಂಟು ವಾರ, ಗಟ್ಟಿಯಾಗಲು ಸುಮಾರು ಮೂರು ತಿಂಗಳು ಬೇಕು. ಮೊಣಕಾಲು ಮಡಚಿ, ಭುಜ ಸೊಂಟ ಒಟ್ಟಿಗೆ ಪಕ್ಕಕ್ಕೆ ಹೊರಳಿ, ಕಾಲನ್ನು ಮಂಚದಿಂದ ಇಳಿಬಿಟ್ಟು, ಆಮೇಲೆ ಕೂರಬೇಕು. ಜೊತೆಗಿರುವವರು ಬೆನ್ನಿಗೆ ಕೈ ಕೊಡಿ. ಕಂಕುಳಿಗೆ ಕೈ ಹಾಕಿ ಎತ್ತಬೇಡಿ, ಕೈ ಹಿಡಿದು ಎಳೆಯಬೇಡಿ. ಚಾಪೆಯಿಂದ ಏಳುವಾಗ ಕೈ ಊರಲೇಬೇಕಾಗುತ್ತದೆ, ಹಾಗಾಗಿ ಈ ತಿಂಗಳುಗಳಲ್ಲಿ ಮಂಚವೇ ಇರಲಿ. ಕೂರುವ ಕಮೋಡ್ ಇಲ್ಲದಿದ್ದರೆ ಕಮೋಡ್ ಕುರ್ಚಿ ತನ್ನಿ. ಹೆಂಗಸರಿಗೆ ಎದೆಯ ಭಾರ ಗಾಯವನ್ನು ಎಳೆಯುತ್ತದೆ. ಮುಂದೆ ಹುಕ್ ಇರುವ, ತಂತಿಯಿಲ್ಲದ ಮೆತ್ತನೆಯ ಒಳ ಉಡುಪು ಹಾಕಿದರೆ ನೋವು ಕಡಿಮೆ. ಇದನ್ನು ಗಂಡಸರ ಮುಂದೆ ಕೇಳಲು ಸಂಕೋಚಪಟ್ಟು ಎಷ್ಟೋ ಜನ ಸುಮ್ಮನಿರುತ್ತಾರೆ. ನರ್ಸನ್ನು ಕೇಳಿ.

ಮನೆಗೆ ಬಂದ ಮೇಲೆ ಐದೈದು ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ ನಡೆಯಿರಿ. ಪಕ್ಕದವರ ಜೊತೆ ಮಾತನಾಡಲು ಉಸಿರು ಸಾಕಾಗಬೇಕು, ಸಾಲದಿದ್ದರೆ ನಿಲ್ಲಿ. ಗಿರಿನಗರದಲ್ಲಿ ಏರು ಇಳಿಜಾರಿನ ರಸ್ತೆಗಳಿವೆ. ಮೊದಲ ವಾರ ಮನೆಯೊಳಗೆ, ಸಮತಟ್ಟಾದ ಬೀದಿಯಲ್ಲಿ ಸಾಕು. ಏರು ಆಮೇಲೆ. ಕಾಲಿನಿಂದ ರಕ್ತನಾಳ ತೆಗೆದಿದ್ದರೆ ಆ ಕಾಲು ಊದುವುದು ಸಾಮಾನ್ಯ, ಕೂತಾಗ ಸ್ಟೂಲಿನ ಮೇಲೆ ಇಡಿ. ಕಾಲ ಮೇಲೆ ಕಾಲು ಹಾಕಬೇಡಿ.

ಇನ್ನು ಊರಿಗೆ ಬಂದಾಗ ನಿಜವಾದ ಕಷ್ಟ. ಚೆನ್ನಾಗಿ ನಡೆಯುತ್ತಾಳೆ, ಕೊಟ್ಟಿಗೆ ಕೆಲಸ ಮಾಡಲೇನು ಎಂದು ಮನೆಯವರಿಗೆ ಅನ್ನಿಸುತ್ತದೆ. ನಡೆಯುವ ಕಾಲು ಬೇರೆ, ಎತ್ತುವ ಎದೆ ಬೇರೆ. ಮೊದಲ ಎಂಟು ವಾರ ಐದು ಕೆಜಿಗಿಂತ ಕಡಿಮೆಯೇ ಮಿತಿ. ಹತ್ತು ಲೀಟರ್ ಹಾಲಿನ ಬಕೆಟ್ ಅದರ ಎರಡರಷ್ಟು. ಸಗಣಿ ಬಾಚುವುದು, ಹುಲ್ಲಿನ ಹೊರೆ, ಬೂಸಾ ಮೂಟೆ ಯಾವುದೂ ಬೇಡ. ಹಗ್ಗ ಹಿಡಿಯುವುದಂತೂ ಬೇಡವೇ ಬೇಡ. ಹಸು ಒಮ್ಮೆ ಜಗ್ಗಿದರೆ ಸಾಕು. ಕೈಯಲ್ಲಿ ಹಾಲು ಕರೆಯುವುದನ್ನು ಶುರು ಮಾಡುವ ಮೊದಲು ಆಪರೇಷನ್ ಮಾಡಿದ ವೈದ್ಯರನ್ನೇ ಕೇಳಿ. "ಮನೆಗೆಲಸ ಮಾಡಬಹುದಾ" ಎಂದಷ್ಟೇ ಕೇಳಿದರೆ ಅವರಿಗೆ ಕೊಟ್ಟಿಗೆ ನೆನಪಾಗುವುದಿಲ್ಲ. ಎಷ್ಟು ಹಸು, ಎಷ್ಟು ಲೀಟರ್ ಎಂದು ಬಿಡಿಸಿ ಹೇಳಿ.

ಎದೆಮೂಳೆ ಕಟಕಟ ಎಂದರೆ, ಗಾಯದಲ್ಲಿ ಕೀವು ಅಥವಾ ಜ್ವರ ಬಂದರೆ, ಮಲಗಿದಾಗ ಉಸಿರು ಕಟ್ಟಿದರೆ, ಮೀನಖಂಡ ನೋಯುತ್ತಾ ಊದಿದರೆ, ಎರಡು ಮೂರು ದಿನದಲ್ಲಿ ತೂಕ ಎರಡು ಕೆಜಿ ಏರಿದರೆ ಮುಂದಿನ ತಪಾಸಣೆಯ ದಿನಕ್ಕೆ ಕಾಯದೆ ಆಸ್ಪತ್ರೆಗೆ ಹೋಗಿ.

ಆಪರೇಷನ್ ದಿನ ಮೊದಲೇ ಗೊತ್ತಿದ್ದರೆ ಮೂರು ತಿಂಗಳು ಹಾಲು ಕರೆಯುವವರು ಯಾರು ಎಂದು ಆಗಲೇ ತೀರ್ಮಾನಿಸಿ. ಹೊಸ ಕೈಗೆ ಹಸು ಸುಲಭವಾಗಿ ಸೊರೆ ಬಿಡುವುದಿಲ್ಲ. ಒಂದು ವಾರ ಮೊದಲಿನಿಂದ ಅವರೇ ಕರೆಯಲಿ, ನೀವು ಪಕ್ಕದಲ್ಲಿ ನಿಂತು ಹಸುವಿನ ಮೈ ಸವರುತ್ತಿರಿ.